ರಟ್ಟಿನ ಹಿಂದಿನ ಸೊಕ್ಕೆ

ಮಗಳು ಮೈದಾ ಅಂಟಿನಿಂದ ಜಿಲ್ಲೆಯ ನಕಾಶೆಯನ್ನು ರಟ್ಟಿಗೆ ಅಂಟಿಸುತ್ತಿದ್ದಳು. ಆ ವಾಸನೆಗೆ ಸಾಸ್ವೆಹಳ್ಳಿಯ ಶಾಲೆ ನೆನಪಾಯಿತು.

ಶಿವಮೊಗ್ಗ ಜಿಲ್ಲೆಯಲ್ಲಿದ್ದ ನಮ್ಮ ಹೊನ್ನಾಳಿ ತಾಲ್ಲೂಕು, ಚಿತ್ರದುರ್ಗದಲ್ಲಿದ್ದ ಜಗಳೂರು ಎರಡೂ ಆಗಷ್ಟೇ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ್ದವು. ಹೊಸ ನಕಾಶೆ ಬಂದಿರಲಿಲ್ಲ. ಮೇಷ್ಟ್ರು ಹಳೆಯ ಜಿಲ್ಲೆಗಳ ನಕಾಶೆಗಳನ್ನೇ ಕತ್ತರಿಸಿ ರಟ್ಟಿನ ಮೇಲೆ ಜೋಡಿಸಿದರು. ಶಿವಮೊಗ್ಗದ್ದು ದೊಡ್ಡ ಅಳತೆಯದು. ಜಾಗ ಸಾಲದೆ ಜಗಳೂರಿನ ತುದಿಯನ್ನು ರಟ್ಟಿನ ಹಿಂದಕ್ಕೆ ಮಡಚಿ ಅಂಟಿಸಬೇಕಾಯಿತು. ಆ ಮಡಿಕೆಯಲ್ಲಿ ಅವರ ಹುಟ್ಟೂರು ಸೊಕ್ಕೆ ಇತ್ತು.

"ನಿಮ್ಮೂರೇ ಹಿಂದಕ್ಕೋತಲ್ರೀ ಸಾರ್," ಎಂದಳು ನಮ್ಮ ತರಗತಿಯ ರತ್ನಾ.

"ನೀವು ಹೊನ್ನಾಳಿಯೋರು ಕಾಲು ಚಾಚಿ ಕುಂತ್ರೆ ನಮಗೆಲ್ಲೈತವ್ವಾ ಜಾಗ?"

ನಾವು ನಕ್ಕೆವು. ಅವರು ನಗಲಿಲ್ಲ. ಅಂದಿನಿಂದ ಜಿಲ್ಲೆಯ ಚರಿತ್ರೆ ಹೇಳುವಾಗಲೆಲ್ಲ ರಟ್ಟನ್ನು ತಿರುಗಿಸಿ, ಪುಸ್ತಕದಲ್ಲಿಲ್ಲದ ಸೊಕ್ಕೆಯಿಂದಲೇ ಶುರು ಮಾಡುತ್ತಿದ್ದರು.

ಮಗಳ ನಕಾಶೆಯಲ್ಲಿ ಎಲ್ಲ ತಾಲ್ಲೂಕುಗಳೂ ಸರಿಯಾಗಿ ಕೂತಿದ್ದವು. ಆದರೂ ರಟ್ಟನ್ನು ತಿರುಗಿಸಿ ನೋಡಿದೆ.

"ಹಿಂದೆ ಏನೂ ಇಲ್ಲಪ್ಪಾ," ಎಂದಳು.