ಪೆನ್ನಿನ ಮುಚ್ಚಳ

ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ, ಕ್ಲಬ್ಬೊಂದಕ್ಕೆ ಫುಟ್‌ಬಾಲ್ ಆಟಗಾರ್ತಿಯರನ್ನು ಆರಿಸಲು ಮಗಳ ಕಾಲೇಜಿಗೆ ಬರುತ್ತಿದ್ದವನು ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಆಟ ನೋಡುತ್ತಿದ್ದ. ಯಾರು ಒದ್ದರೂ “ಲವ್ಲಿ, ಲವ್ಲಿ” ಎನ್ನುತ್ತಿದ್ದ.

ಪಕ್ಕದೂರಿನ ಕಾಲೇಜು ನಮ್ಮವರ ಹಳೆಯ ಎದುರಾಳಿ. ಆ ವರ್ಷ ಅವರ ಮೇಲೆ ಮಗಳು ಎರಡು ಗೋಲು ಹೊಡೆದು ಗೆಲ್ಲಿಸಿದಳು. ಅವನು ಅವಳ ಹೆಸರನ್ನೂ ಕೇಳಲಿಲ್ಲ. ಡ್ಯೂಟಿಯಿಂದ ನೇರ ಬಂದಿದ್ದ ನನ್ನ ಕೊರಳಿನ ಆಸ್ಪತ್ರೆ ಬ್ಯಾಡ್ಜ್ ನೋಡಿ, ಪೆನ್ನಿಗೆ ಮುಚ್ಚಳ ಹಾಕಿದ.

“ನಿಮ್ಮ ಮಗಳು ಹೇಗೂ ಡಾಕ್ಟರ್ ಆಗ್ತಾಳಲ್ಲ!” ಎಂದು ನಕ್ಕ. ಒಂದೂ ಗೋಲು ಹೊಡೆಯದವಳ ಅಪ್ಪನ ಬಳಿ ಹೋಗಿ ಮುಚ್ಚಳ ತೆಗೆದ.

ನನ್ನ ಬಾಯಿಗಿಷ್ಟು ಬೆಂಕಿ ಬೀಳ! ಅಂಥವನಿಗೆ ನಾನು “ಥ್ಯಾಂಕ್ ಯೂ” ಅಂದಿದ್ದೆ.

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಕಾರಿನಲ್ಲಿ ಕನ್ನಡದಲ್ಲಿ ಕೇಳಿದಳು: “ಅಮ್ಮಾ, ಅವನಿಗ್ಯಾಕೆ ಥ್ಯಾಂಕ್ಸ್ ಹೇಳ್ದೆ?”