ಖಾರ ಹತ್ತದ ಬೆರಳು

ಮೊಮ್ಮಗಳಿಗೆ ನಾಲ್ಕು ತಿಂಗಳಿಗೇ ಹಲ್ಲು ಬರಲು ಶುರುವಾಯಿತು. ಕೆಳಗಿನ ವಸಡು ಬಾತು ಕೆಂಪಾಗಿತ್ತು. ಲಿಂಗಸುಗೂರಿಗೆ ಕರೆದೊಯ್ದು ತೋರಿಸಿದೆವು. ತೊಳೆದ ಬೆರಳಿನಿಂದ ವಸಡನ್ನು ಮೆತ್ತಗೆ ಒತ್ತಿ, ಆಮೇಲೆ ಎದೆಗೆ ಹಚ್ಚಿ, ಹಾಲು ಮಾತ್ರ ತಪ್ಪಿಸಬೇಡಿ ಎಂದರು ಡಾಕ್ಟರಮ್ಮ. ಬೆರಳು ಯಾರಿಗಿಲ್ಲ, ಅದೇನು ದೊಡ್ಡ ಮಾತು ಅಂದುಕೊಂಡು ಮಸ್ಕಿ ಬಸ್ಸು ಹತ್ತಿ ಊರಿಗೆ ಬಂದೆವು.

ಮರುದಿನ ಅಂಗಳದಲ್ಲಿ ನಮ್ಮ ಹೊಲದ ಮೆಣಸಿನಕಾಯಿ ರಾಶಿ. ಸಂಜೆಗೆ ಗಾಡಿ ಬರುವುದಿತ್ತು, ಅಷ್ಟರೊಳಗೆ ತೊಟ್ಟು ಮುರಿಯಬೇಕು. ಓಣಿಯ ಹೆಂಗಸರೆಲ್ಲ ಕೂತಿದ್ದರು. ಬಾಣಂತನಕ್ಕೆ ಬಂದಿದ್ದ ಮಗಳೂ ಕೂಸು ಮಲಗಿದೆ ಎಂದು ಬಂದು ಕೂತಳು. ಬೇಡ ಅಂದರೆ ಕೇಳುವ ಹುಡುಗಿಯಲ್ಲ.

ಕೂಸು ಎದ್ದದ್ದೇ ಚೀರತೊಡಗಿತು. ಮಗಳು ಕೈ ತೊಳೆದು, ಸೀರೆ ಬದಲಿಸಿ ಎದೆಗೆ ಹಚ್ಚಿಕೊಂಡಳು. ಕೂಸು ಬಾಯಿ ಹಾಕುವುದು, ವಸಡು ನೊಂದೊಡನೆ ಬಿಟ್ಟು ಬೆನ್ನು ಸೆಟೆಸಿ ಅರಚುವುದು. ಮುಂಜಾನೆಯೂ ಸರಿಯಾಗಿ ಕುಡಿದಿರಲಿಲ್ಲ. ವಸಡು ಒತ್ತೋಣವೆಂದರೆ ಯಾರ ಬೆರಳು? ಸಾಬೂನು ಹಚ್ಚಿ ತೊಳೆದೆ, ಎಣ್ಣೆ ಹಚ್ಚಿ ತೊಳೆದೆ, ಮಜ್ಜಿಗೆಯಲ್ಲಿ ಅದ್ದಿದೆ. ಆ ಬೆರಳನ್ನು ನನ್ನ ತುಟಿಗೆ ಒತ್ತಿ ನೋಡಿದರೆ ಭಗ್ಗೆಂದು ಉರಿ. ಮಗಳದ್ದೂ ಹಾಗೇ. ಒದ್ದೆ ಬಟ್ಟೆ ಕೊಡೋಣವೆಂದರೆ ಹಗ್ಗದ ಮೇಲಿನ ಬಟ್ಟೆಗೆಲ್ಲ ಘಾಟು. ತಣ್ಣನೆ ಚಮಚ ಇಟ್ಟೆ, ನಾಲಿಗೆಯಿಂದ ನೂಕಿತು.

"ಬಜಿ ಬೇರು ತೇದು ವಸಡಿಗೆ ಹಚ್ಚಬೇ ಯಕ್ಕಾ," ಎಂದಳು ರಾಶಿಯ ಮುಂದೆ ಕೂತಿದ್ದ ಪಕ್ಕದ ಮನೆಯವಳು.

"ಯಾವ ಕೈಲೆ ಹಚ್ಚಲಿ? ನಿನ್ನ ಕೈಲೇನು?"

ಅವಳು ತನ್ನ ಕೈ ನೋಡಿಕೊಂಡು ಮತ್ತೆ ತೊಟ್ಟು ಮುರಿಯತೊಡಗಿದಳು.

ಕೂಸಿನ ದನಿ ಬಿದ್ದುಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಬಹಳ ಹೊತ್ತಿನಿಂದ ಬಟ್ಟೆ ಒದ್ದೆ ಮಾಡಿರಲಿಲ್ಲ.

"ಯವ್ವಾ, ಏನರ ಮಾಡಬೇ, ಕೈ ಬಿಟ್ಟು ಹೋಗ್ತೈತಿ ನನ್ನ ಕೂಸು," ಎಂದು ಮಗಳು ಅತ್ತಳು.

"ಬಾಯಿ ಮುಚ್ಚು," ಎಂದೆ. ನನಗೂ ಅದೇ ಹೆದರಿಕೆ.

ಯಾರದಾದರೂ ಗಾಡಿ ಸಿಕ್ಕರೆ ಮತ್ತೆ ಲಿಂಗಸುಗೂರಿಗೆ ಓಡುವುದೇ ಎಂದು ಬಾಗಿಲಿಗೆ ಬಂದರೆ ಅಳಿಯ ಬೈಕು ನಿಲ್ಲಿಸುತ್ತಿದ್ದ. ಮುದಗಲ್ಲಿನಲ್ಲಿ ಬಟ್ಟೆ ಅಂಗಡಿ ಅವನದು. ನಮ್ಮಲ್ಲಿ ಅಳಿಯ ಬಂದರೆ ಅತ್ತೆ ಸೆರಗು ಹೊದ್ದು ಬಾಗಿಲ ಮರೆಗೆ ನಿಲ್ಲಬೇಕು. ಮದುವೆಯಾದಾಗಿನಿಂದ ನಾನು ಅವನ ಮುಖ ನೋಡಿ ಮಾತಾಡಿದವಳಲ್ಲ.

"ನಿಮ್ಮ ಕೈಗೆ ಖಾರ ಹತ್ತೈತೇನ್ರಿ?" ಎಂದೆ.

"ಇಲ್ರಿ ಅತ್ತಿ. ಯಾಕ್ರಿ?"

ಕಾಲಿಗೆ ನೀರು ಕೊಡಲಿಲ್ಲ. ತಂಬಿಗೆ ಎತ್ತಿ ಕೈ ಮೇಲೆ ಸುರಿದೆ. "ಸಾಬೂನು ಹಚ್ಚರಿ. ಉಗುರಾಗೂ ತಿಕ್ಕರಿ. ಕೂಸಿನ ವಸಡು ಒತ್ತಬೇಕು."

"ನನಗ ಕೂಸು ಹಿಡಿಯಾಕ ಬರಂಗಿಲ್ರಿ."

"ಬಟ್ಟಿ ಥಾನು ಹಿಡಿತೀರಲ್ಲ, ಹಂಗ ಹಿಡೀರಿ."

ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ. ಅಳಿಯ ಕೂಸನ್ನು ತೋಳಿಗೆ ತೆಗೆದುಕೊಂಡು ವಸಡಿನ ಮೇಲೆ ಬೆರಳಿಟ್ಟ. ಕೂಸು ಗಪ್ಪೆಂದು ಹಿಡಿಯಿತು.

"ಅತ್ತೀ, ಕಚ್ಚಾಕತ್ತೈತ್ರಿ!"

"ಕಚ್ಚಲಿ. ತಗೀಬ್ಯಾಡ್ರಿ."

ಜೊಲ್ಲು ಅವನ ಅಂಗಿಯ ತೋಳಿಗೆ ಇಳಿಯಿತು. ಸೆಟೆದ ಬೆನ್ನು ನಿಧಾನವಾಗಿ ಸಡಿಲವಾಯಿತು. ಅದನ್ನೇ ಕಾಯುತ್ತಿದ್ದೆ.

"ಒಳಗ ಹೋಗ್ರಿ. ಆಕಿ ಕೈಗೆ ಖಾರ ಐತಿ, ಮುಟ್ಟಂಗಿಲ್ಲ. ನೀವ ಹಿಡ್ಕೊಂಡು ಕುಡಸ್ರಿ."

ಓಣಿಯೆಲ್ಲ ನೋಡುತ್ತಿರುವಾಗ ಹಗಲಲ್ಲೇ ಗಂಡ-ಹೆಂಡತಿ ಇಬ್ಬರನ್ನೂ ಕೋಣೆಗೆ ಕಳಿಸಿ ಬಾಗಿಲು ಎಳೆದೆ. ಹೆಂಗಸರು ಮತ್ತೆ ನಕ್ಕರು. ನಗಲಿ. ನಾನು ಬಾಗಿಲಿಗೆ ಕಿವಿ ಇಟ್ಟು ನಿಂತೆ. ಅಳು ಎದ್ದಿತು, ನಿಂತಿತು, ಮತ್ತೆ ಎದ್ದಿತು. ಆಮೇಲೆ ಏನೂ ಕೇಳಿಸಲಿಲ್ಲ. ಚೀರಾಟಕ್ಕಿಂತ ಅದಕ್ಕೇ ಹೆಚ್ಚು ಹೆದರಿದೆ. ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಅಳಿಯನ ದನಿ ಬಂತು.

"ಅತ್ತೀ, ಒಂದು ಕಡಿ ಹಾಲು ಕುಡದಾಳ್ರಿ."

"ಬೆರಳು ಕೊಟ್ಟು ಇನ್ನೊಂದು ಕಡಿನೂ ಕುಡಸ್ರಿ," ಎಂದೆ.