ನಳಿಕೆ ಅಣ್ಣನಿಗೆ, ಹಿಡಿ ತಮ್ಮನಿಗೆ

ಕಳೆದ ವರ್ಷ ಮಹಾನವಮಿಗೆ ಮುಂಚೆ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯಿಂದ ನನಗೆ ಕರೆ ಬಂತು. ಹಳೆಯ ಮರದ ವಸ್ತುಗಳನ್ನು ಸಂರಕ್ಷಿಸುವ ಕೆಲಸಕ್ಕೆ ಹುಬ್ಬಳ್ಳಿಯಲ್ಲಿ ಸೇರಿ ನನಗದು ಎರಡನೆಯ ವರ್ಷ. ಮುತ್ತಜ್ಜನ ಕಾಲದ ರೈಫಲ್ಲಿನ ಮರದ ಹಿಡಿ, ಅಂದರೆ ಸ್ಟಾಕ್, ಸೀಳಿದೆ; ಹಬ್ಬದ ಪೂಜೆಯೊಳಗೆ ಸರಿಯಾಗಬೇಕು ಎಂದರು. ಸತತ ಓಡಾಟದಿಂದ ದಣಿದಿದ್ದೆ. ಹುಬ್ಬಳ್ಳಿಗೇ ತನ್ನಿ ಎಂದೆ. ಮನೆಯ ಹೊಸ್ತಿಲು ದಾಟಿಸುವುದಿಲ್ಲ ಎಂದರು. ಹೋದೆ.

ಕರೆದವರು ಶಿವಲಿಂಗಪ್ಪ. ಆಸ್ತಿ ಹಿಸ್ಸೆಯಾದಾಗ ಬಂದೂಕಿಗೂ ಪಾಲು ಬಿದ್ದಿತ್ತು. ಲೈಸೆನ್ಸ್ ಅಣ್ಣ ಚನಬಸಪ್ಪನವರ ಹೆಸರಿನಲ್ಲಿದ್ದುದರಿಂದ ನಳಿಕೆ ಅವರಿಗೆ, ಹಿಡಿ ಇವರಿಗೆ. ಮನೆಯ ನಡುವೆ ಹೊಸ ಗೋಡೆ. ತಾಯಿ ಗಂಗವ್ವ ಇವರ ಕಡೆ ಇದ್ದರು.

ಬರಿಯ ಮರಕ್ಕೆ ಪೂಜೆ ಮಾಡಲು ಮನಸ್ಸಾಗದೆ ಶಿವಲಿಂಗಪ್ಪ ಹಿಂದಿನ ಹಬ್ಬಕ್ಕೆ ನೀರಿನ ಪೈಪನ್ನು ಕತ್ತರಿಸಿ, ನಳಿಕೆಯ ಜಾಗದಲ್ಲಿ ಬಡಿದು ಕೂರಿಸಿದ್ದರು. ಪೈಪು ದಪ್ಪ, ಮರ ಉದ್ದಕ್ಕೆ ಸೀಳಿತು.

"ದೇವ್ರಿಗೇನ್ ಗೊತ್ತಾಕ್ಕೈತ್ರಿ ಮೇಡಂ, ಕಬ್ಬಿಣಾ ಅಂದ್ರ ಕಬ್ಬಿಣಾನ" ಎಂದರು.

"ದೇವ್ರಿಗೆ ಗೊತ್ತಾಗ್ಲಿಲ್ಲ, ಕಟಗಿಗೆ ಗೊತ್ತಾತ್ ನೋಡಲೇ" ಎಂದರು ಗಂಗವ್ವ.

ಎಣ್ಣೆ, ಕುಂಕುಮ ವರ್ಷವರ್ಷ ಸೇರಿ ಮರದ ಮೇಲೆ ಕಪ್ಪು ಹಕ್ಕಳೆಯಾಗಿದ್ದವು. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಅದನ್ನು ಮೆದುಗೊಳಿಸಿ, ಬಿದಿರಿನ ಚಕ್ಕೆಯಿಂದ ತೆಗೆದೆ. ನೀರು ಬಳಸಲಿಲ್ಲ, ಹಳೆಯ ಮರ ಉಬ್ಬುತ್ತದೆ. ಕೆಳಗೆ ಅಕ್ರೋಟಿನ ಕಂದು ಬಣ್ಣದ ಎಳೆಗಳು ಕಂಡವು.

ಆದರೆ ಸೀಳು ಕೂಡಿಸಲು ನಳಿಕೆ ಬೇಕಿತ್ತು. ಒಳಗೆ ನಳಿಕೆ ಇಟ್ಟು ಬಿಗಿದರೆ ಮಾತ್ರ ಅದು ಕೂರುವ ತೋಡು ಮೊದಲಿನ ಅಳತೆಗೆ ಬರುತ್ತದೆ. ಇಲ್ಲವಾದರೆ ಆ ಎರಡೂ ಮತ್ತೆಂದೂ ಒಂದರಲ್ಲೊಂದು ಕೂರುವುದಿಲ್ಲ.

"ಅಂವನ ಬಾಗಲಾ ನಾ ತುಳಿಯಂಗಿಲ್ರಿ" ಎಂದರು ಶಿವಲಿಂಗಪ್ಪ. ನಾನೇ ಗೋಡೆಯಾಚೆ ಹೋದೆ. ಹಿಡಿಯನ್ನು ಇಲ್ಲಿಗೆ ತನ್ನಿ ಎಂದರು ಚನಬಸಪ್ಪ. ಆ ಮಾತು ಹೊತ್ತು ಈಚೆ ಬಂದೆ, ಈಚಿನದನ್ನು ಹೊತ್ತು ಆಚೆ ಹೋದೆ. ಇಡೀ ದಿನ ಹಾಗೇ ಕಳೆಯಿತು. ಮರದ ಕೆಲಸ ನನ್ನನ್ನು ಅಷ್ಟು ದಣಿಸಿದ್ದಿಲ್ಲ. ಕೊನೆಗೆ ಚನಬಸಪ್ಪನವರ ಹೆಂಡತಿ ಒಳಗಿನಿಂದ, "ನಳಿಕಿ ಮಗ್ಗಲಾಗ ಇಟ್ಕೊಂಡ್ ಮಲಗ್ರಿ, ಅದ ನಿಮಗ ರೊಟ್ಟಿ ಬಡಿದ್ ಹಾಕ್ಲಿ" ಎಂದ ಮೇಲೆ ಅವರು ಎದ್ದರು.

ನಳಿಕೆಯನ್ನು ಧೋತರದಲ್ಲಿ ಸುತ್ತಿ ತಂದರು. "ಲೈಸೆನ್ಸ್ ನಂದೈತ್ರಿ. ಇದನ್ನ ಬಿಟ್ಟು ಹೋಗಾಂಗಿಲ್ಲ." ಅಂಟು ಒಣಗುವವರೆಗೆ ತಮ್ಮನ ಪಡಸಾಲೆಯಲ್ಲಿ ಕೂರಲು ಒಪ್ಪಿದರು. ಶಿವಲಿಂಗಪ್ಪ ಎದುರಿಗೆ ಕೂತರು.

ಅಂಟು ಕಬ್ಬಿಣಕ್ಕೆ ಹಿಡಿಯದಂತೆ ನಳಿಕೆಗೆ ಮೇಣದ ಕಾಗದ ಸುತ್ತುತ್ತಿದ್ದೆ. ಗಂಗವ್ವ ಪಕ್ಕಕ್ಕೆ ಬಂದು ಕೂತು, ಕೆಳದನಿಯಲ್ಲಿ ಕೇಳಿದರು:

"ಯವ್ವಾ, ಆ ಕಾಗದಾ ಬಿಟ್ರ ಏನಾಕ್ಕೈತಿ?"

"ಎರಡೂ ಹತ್ಕೊಂಡ್ ಬಿಡ್ತಾವ್ರಿ ಅಮ್ಮಾ. ಕಟಗಿ ಸೀಳದಿದ್ರ ಬಿಡಿಸಾಕ ಬರಂಗಿಲ್ಲ."

"ಹಂಗಾರ ಬಿಟ್ಟಬಿಡು. ಹತ್ಕೊಳ್ಳಲಿ. ಆಗ ಬಂದೂಕಿದ್ದಲ್ಲೇ ಇಬ್ರೂ ಬರಬೇಕಾಕ್ಕೈತಿ."

ಮಕ್ಕಳಿಗೆ ಕೇಳಿಸಿರಲಿಲ್ಲ. ನನ್ನ ಕೈ ನಿಂತಿತು. ಬಿಡಿಸಲು ಬರುತ್ತಿದ್ದ ವಸ್ತು ದುರಸ್ತಿಯ ನಂತರವೂ ಬಿಡಿಸಲು ಬರಬೇಕು. ನಾನು ಕಲಿತ ಮೊದಲ ನಿಯಮ ಅದು. ಆಕೆಯ ಮುಖ ನೋಡದೆ ಕಾಗದ ಸುತ್ತಿ ಮುಗಿಸಿದೆ.

ಮರುದಿನ, ಅಂಟು ಹಾಕಿ ಬಿಗಿದಿದ್ದ ಪಟ್ಟಿ ಬಿಚ್ಚಿದಾಗ ಸೀಳು ಕೂಡಿತ್ತು. ಬಂದೂಕು ಬಂದೂಕಿನಂತೆ ಕಾಣುತ್ತಿತ್ತು. ಶಿವಲಿಂಗಪ್ಪ ಅದಕ್ಕೆ ಕೈ ಮುಗಿದರು. ಚನಬಸಪ್ಪನವರೂ ಮುಗಿದರು. ಆಮೇಲೆ ನಳಿಕೆಯನ್ನು ಮೆಲ್ಲಗೆ ಎತ್ತಿಕೊಂಡರು. ಎಲ್ಲೂ ತಡೆಯದೆ ಬಂತು.

"ಅಗದಿ ಛಲೋ ಮಾಡಿದ್ರಿ" ಎಂದು ನನಗೆ ಹೇಳಿ, ಅದನ್ನು ಧೋತರದಲ್ಲಿ ಸುತ್ತಿಕೊಂಡು ಹೊರಟರು.

ಗಂಗವ್ವ ನನ್ನ ಬುತ್ತಿಗೆ ರೊಟ್ಟಿ ಕಟ್ಟಿಕೊಟ್ಟು ಒಳಗೆ ಹೋದರು. ಕೆಲಸ ಸರಿಯಾಗಿತ್ತು. ಸರಿಯಾಗಿ ಮಾಡಿದ ಕೆಲಸ ಒಬ್ಬರ ಕೊನೆಯ ಆಸೆಯನ್ನು ಮುರಿಯಬಹುದು ಎಂದು ಆ ಊರಿನಿಂದ ಬಸ್ಸು ಹತ್ತುವಾಗ ತಿಳಿದಿದ್ದೆ. ಇಂದು ಕರೆದರೂ ಕಾಗದ ಸುತ್ತಿಯೇ ಸುತ್ತುತ್ತೇನೆ.